ಅಂಗೈಯಗಲದ ನ್ಯಾಟ್

ಮಕ್ಕಳೇ, ನ್ಯಾಟ್ ಎಂಬ ಯುದ್ಧವಿಮಾನದ ಹೆಸರು ಕೇಳಿದ್ದೀರಾ? ಬ್ರಿಟನ್ನಿನ ಫಾಲಂಡ್ ಕಂಪನಿ ರೂಪಿಸಿದ್ದು, ನಮ್ಮ ಬೆಂಗಳೂರಿನ ಎಚ್‌ಎಎಲ್‌ನಲ್ಲೂ ತಯಾರಾಗಿದ್ದು. 1965ರ ಯುದ್ಧದಲ್ಲಿ ಪಾಕಿಸ್ತಾನದ ಸೇಬರ್‌ಗಳನ್ನು ಕೆಡವಿ ‘ಸೇಬರ್ ಸ್ಲೇಯರ್’ ಎಂಬ ಬಿರುದು ಪಡೆಯಿತು.

ಅದರ 1:72 ಅಳತೆಯ ಪ್ಲಾಸ್ಟಿಕ್ ಮಾದರಿಯನ್ನು ಜೋಡಿಸಲು ನಾನೂ ಮೊಮ್ಮಗಳೂ ಕೂತು ಮೂರು ವಾರವಾಯಿತು. ಅಸಲಿ ವಿಮಾನದ ಉದ್ದವೇ 9 ಮೀಟರಿಗೆ ಕಡಿಮೆ. 72ರಿಂದ ಭಾಗಿಸಿ, 12 ಸೆಂಟಿಮೀಟರ್ ಬರುತ್ತದೆ. ಇನ್ನು ಅದರ ಚಕ್ರದ ಬಾಗಿಲು ಎಷ್ಟಿರಬೇಕು! ಚಿಮಟದಲ್ಲಿ ಹಿಡಿದರೆ ಟಣ್ಣನೆ ಚಿಮ್ಮುತ್ತದೆ. ಬ್ಯಾಂಕಿನಲ್ಲಿ ಒಂದು ರೂಪಾಯಿ ವ್ಯತ್ಯಾಸಕ್ಕೆ ರಾತ್ರಿಯವರೆಗೂ ಲೆಡ್ಜರ್ ತಿರುವಿದವನು ನಾನು. ಮಂಚದಡಿ ಟಾರ್ಚ್ ಬಿಟ್ಟು ಹುಡುಕುವುದು ಹೊಸದೇನಲ್ಲ.

ಇದರ ಅಂಟು ಪ್ಲಾಸ್ಟಿಕ್ಕನ್ನೇ ಕರಗಿಸಿ ಬೆಸೆಯುತ್ತದೆ. ಹನಿ ಹೆಚ್ಚಾದರೆ ಬೆರಳಚ್ಚು ಅಲ್ಲೇ ಶಾಶ್ವತ. (ಕಿಟಕಿ ತೆರೆದಿರಲಿ, ದೊಡ್ಡವರು ಪಕ್ಕದಲ್ಲಿರಲಿ.) ಒಡಲಿನ ಎರಡು ಹೋಳು ಸೇರಿಸುವ ಮುನ್ನ ಮೂತಿಯೊಳಗೆ ಗಾಳದ ಸೀಸದ ಗುಂಡು ಅಂಟಿಸಬೇಕು, ಇಲ್ಲದಿದ್ದರೆ ವಿಮಾನ ಬಾಲದ ಮೇಲೆ ಕೂತುಬಿಡುತ್ತದೆ. ಅಂಟಿಸಿದೆವು. ಸಂದು ತುಂಬಿ, ಉಜ್ಜಿ, ಬಣ್ಣವನ್ನೂ ಬಳಿದೆವು.

ಕೊನೆಗೆ ಉಳಿದದ್ದು ವಾಯುಪಡೆಯ ಮೂರು ಬಣ್ಣದ ವೃತ್ತಗಳು. ಉಗುರುಬೆಚ್ಚಗಿನ ನೀರಿನಲ್ಲಿ ನೆನೆಸಿ ಕಾಗದದಿಂದ ಜಾರಿಸಬೇಕು. ಪೆಟ್ಟಿಗೆ ಹಳೆಯ ದಾಸ್ತಾನು, ನೀರಿಗಿಳಿದ ಕೂಡಲೇ ಹಪ್ಪಳದಂತೆ ಚೂರುಚೂರು! ಹುಡುಗಿ ಮಾತೇ ಆಡದೆ ಎದ್ದುಹೋದಳು. ಎರಡು ದಿನ ಆ ಮೇಜಿನ ಕಡೆ ತಿರುಗಲಿಲ್ಲ. ನಾನೂ ಕರೆಯಲಿಲ್ಲ, ಕರೆದರೆ ಮತ್ತಷ್ಟು ಬಿಗಿಯುವ ಜಾತಿ ಅದು, ಅವಳಜ್ಜಿಯ ಹಾಗೆ.

ಮೂರನೆಯ ದಿನ ಕೈವಾರ, ಸಣ್ಣ ಕುಂಚ ಹಿಡಿದು ತಾನೇ ಬಂದಳು. ಒಂದು ವೃತ್ತ ಮುಗಿದಿದೆ. ಕೊಂಚ ಮೊಟ್ಟೆಯಾಕಾರ.