ಜೀಪಿನ ಬಲ ಅಡಿಭಾಗದಲ್ಲಿದೆ

ನಮ್ಮ ಜಿಲ್ಲೆಯ ಪೂರ್ವದ ಗುಡ್ಡಗಾಡಿನಲ್ಲಿ ಜೀಪು ಮೋಜಿನ ವಾಹನವಲ್ಲ. ದೇಲಂಪಾಡಿ, ಬಂದಡ್ಕ, ಪಾಣತ್ತೂರು ಕಡೆಯ ಏರುದಾರಿಗಳಲ್ಲಿ ಅಡಿಕೆ, ರಬ್ಬರು, ಗೊಬ್ಬರ ಹೊರುವುದೂ ರೋಗಿಗಳನ್ನು ಪೇಟೆಗೆ ಮುಟ್ಟಿಸುವುದೂ ಅದರ ದುಡಿಮೆ. ಹೊಸದನ್ನು ಕೊಳ್ಳುವ ಶಕ್ತಿ ಎಲ್ಲರಿಗೂ ಇಲ್ಲದಿರುವುದರಿಂದ ಹಳೆಯದನ್ನೇ ಬಲಪಡಿಸಿಕೊಳ್ಳುವುದು ಸಹಜ. ಆದರೆ ಬಲಪಡಿಸುವ ಕೆಲಸ ಎಲ್ಲಿಂದ ಆರಂಭವಾಗುತ್ತಿದೆ ಎಂಬುದು ಯೋಚಿಸಬೇಕಾದ ವಿಷಯ.

ಮೊದಲು ದೊಡ್ಡ ಟಯರು, ಬಳಿಕ ಹೆಚ್ಚು ಶಕ್ತಿಯ ಡೀಸೆಲ್ ಎಂಜಿನ್; ಆಕ್ಸಲ್ ಮತ್ತು ಬ್ರೇಕು ಮಾತ್ರ ಹಳೆಯವೇ. ಮೇಲೆ ಥಳಕು, ಒಳಗೆ ಹುಳುಕು ಎಂದರೆ ಇದೇ. ಮೂರು ಗೇರಿನ ಹಳೆಯ ವಿಲ್ಲೀಸ್ ಮಾದರಿಯನ್ನೇ ನೋಡೋಣ. ಅದರ ಮೊದಲ ಗೇರು ಸುಮಾರು 2.8, ಲೋ ಗೇರು 2.46, ಕ್ರೌನ್-ಪಿನಿಯನ್ 5.38. ಮೂರನ್ನೂ ಗುಣಿಸಿದರೆ ಎಂಜಿನಿನ ತಿರುಚುಬಲ ಆಕ್ಸಲನ್ನು ತಲುಪುವಾಗ ಸುಮಾರು 37 ಪಟ್ಟಾಗಿರುತ್ತದೆ. ಎಂಜಿನಿನ ಬಲವನ್ನು ಸ್ವಲ್ಪ ಹೆಚ್ಚಿಸಿದರೂ ಹಳೆಯ ಆಕ್ಸಲ್ ಶಾಫ್ಟು ಹೊರಬೇಕಾದ ಹೊರೆ ಎಷ್ಟೆಂದು ಊಹಿಸಬಹುದು.

ಟಯರಿನ ಲೆಕ್ಕವೂ ಹೀಗೆಯೇ. 28 ಇಂಚಿನದರ ಜಾಗದಲ್ಲಿ 31 ಇಂಚಿನದನ್ನು ಹಾಕಿದರೆ 5.38ರ ಅನುಪಾತ 4.86ಕ್ಕೆ ಇಳಿದಂತಾಗುತ್ತದೆ. ಏರಿನಲ್ಲಿ ಎಳೆತ ಕಡಿಮೆ, ಇಳಿತದಲ್ಲಿ ಬ್ರೇಕಿಗೆ ಹೊರೆ ಹೆಚ್ಚು. ಇದನ್ನು ಸರಿಪಡಿಸಲು ಕ್ರೌನ್-ಪಿನಿಯನ್ ಬದಲಿಸಬೇಕು. ಅದೂ ಹಿಂದೆ ಮುಂದೆ ಎರಡೂ ಆಕ್ಸಲಿನಲ್ಲಿ ಒಂದೇ ಅನುಪಾತದ್ದು. ಗುಜರಿಯಲ್ಲಿ ಸಿಕ್ಕಿದ್ದನ್ನು ಒಂದಕ್ಕೆ ಮಾತ್ರ ಕೂಡಿಸಿ ನಾಲ್ಕೂ ಚಕ್ರಗಳಿಗೆ ಬಲ ಕೊಟ್ಟರೆ ಎರಡು ಆಕ್ಸಲುಗಳು ಒಂದಕ್ಕೊಂದು ಜಗ್ಗಾಡಿ ಗೇರು, ಜಾಯಿಂಟುಗಳನ್ನು ಮುರಿಯುತ್ತವೆ.

ಇನ್ನೊಂದು ಸಂಗತಿ ಎಲ್ಲಕ್ಕಿಂತ ಮುಖ್ಯ. ಆ ಹಳೆಯ ಮಾದರಿಯ ಕೈಬ್ರೇಕು ಹಿಡಿಯುವುದು ಚಕ್ರವನ್ನಲ್ಲ, ಹಿಂದಿನ ಪ್ರೊಪೆಲ್ಲರ್ ಶಾಫ್ಟನ್ನು. ಹಿಂದಿನ ಆಕ್ಸಲ್ ಶಾಫ್ಟು ತುಂಡಾದರೆ ಎಳೆತ ಹೋಗುವುದಷ್ಟೇ ಅಲ್ಲ, ಕೈಬ್ರೇಕಿನ ಹಿಡಿತವೂ ತಪ್ಪುತ್ತದೆ. ಏರಿನ ಮಧ್ಯದಲ್ಲಿ ಹೀಗಾದರೆ ಗತಿಯೇನು? ವಯನಾಡಿನ ತಲಪ್ಪುಳ ಬಳಿ 2023ರ ಆಗಸ್ಟ್ 25ರಂದು ಜೀಪು ಕಮರಿಗೆ ಉರುಳಿ ಚಹಾ ತೋಟದ ಒಂಬತ್ತು ಮಂದಿ ಕಾರ್ಮಿಕ ಮಹಿಳೆಯರು ಅಸುನೀಗಿದರು. ಆ ದುರಂತದ ಕಾರಣದ ಚರ್ಚೆ ಇಲ್ಲಿ ಬೇಡ. ಒಂದು ಜೀಪಿನ ಮೇಲೆ ಎಷ್ಟು ಮನೆಗಳ ದೀಪ ನಿಂತಿದೆ ಎಂಬುದನ್ನು ಮಾತ್ರ ಮರೆಯಬಾರದು.

ಇನ್ನು ಕಾನೂನಿನ ಮಾತು. 1988ರ ಮೋಟಾರು ವಾಹನ ಕಾಯಿದೆಯ 52ನೇ ಕಲಮಿನ ಪ್ರಕಾರ, ನೋಂದಣಿ ಪತ್ರದ ವಿವರಗಳು ತಯಾರಕರ ಮೂಲ ವಿವರಕ್ಕೆ ಭಿನ್ನವಾಗುವಂತೆ ವಾಹನವನ್ನು ಬದಲಿಸಕೂಡದು. ಕೇರಳದಿಂದಲೇ ಹೋದ ಮೊಕದ್ದಮೆಯೊಂದರಲ್ಲಿ ಸುಪ್ರೀಂ ಕೋರ್ಟು 2019ರ ಜನವರಿಯಲ್ಲಿ ಇದನ್ನೇ ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯಂತೆ ಅನುಮತಿಯಿಲ್ಲದ ಪ್ರತಿಯೊಂದು ಬದಲಾವಣೆಗೂ 5,000 ರೂಪಾಯಿ ದಂಡ ಅಥವಾ ಆರು ತಿಂಗಳವರೆಗೆ ಸೆರೆವಾಸ, ಇಲ್ಲವೇ ಎರಡೂ ಆಗಬಹುದು. ಮೆರವಣಿಗೆಯ ಜೀಪುಗಳಿಗೆ ಈ ಕಡಿವಾಣ ಬೇಕೇಬೇಕು. ಆದರೆ ಸುರಕ್ಷತೆಗಾಗಿ ಗಟ್ಟಿ ಆಕ್ಸಲ್, ಉತ್ತಮ ಬ್ರೇಕು ಹಾಕಿಸಬಯಸುವ ಬಡ ಚಾಲಕನೂ ಅದೇ ಭಯದಿಂದ ಹಿಂಜರಿಯುವಂತಾದರೆ ಕಾನೂನಿನ ಉದ್ದೇಶವೇ ಸೋಲುತ್ತದೆ.

ಹದಿನೈದು ವರ್ಷ ದಾಟಿದ ಖಾಸಗಿ ವಾಹನಗಳ ನೋಂದಣಿ ನವೀಕರಣಕ್ಕೆ ಹೇಗೂ ತಪಾಸಣೆ ಇದೆ. ಆಗ ಬಣ್ಣ, ದೀಪಗಳೊಡನೆ ಆಕ್ಸಲ್, ಜಾಯಿಂಟು, ಬ್ರೇಕುಗಳ ಕಡೆಗೂ ಕಟ್ಟುನಿಟ್ಟಾಗಿ ಕಣ್ಣು ಹಾಯಿಸಲಿ. ಯಾವ ಬದಲಾವಣೆಗೆ ಅನುಮತಿ ಬೇಕು, ಯಾವುದಕ್ಕೆ ಬೇಡ, ಅದನ್ನು ಪಡೆಯುವುದು ಹೇಗೆ ಎಂಬುದನ್ನು ಸಾರಿಗೆ ಇಲಾಖೆ ಸ್ಪಷ್ಟವಾಗಿ ಸಾರಲಿ, ಕನ್ನಡದಲ್ಲಿಯೂ ಸಾರಲಿ. 1969ರ ರಾಜ್ಯ ಅಧಿಕೃತ ಭಾಷಾ ಶಾಸನ ಇಲ್ಲಿನ ಕನ್ನಡಿಗರಿಗೆ ತಮ್ಮ ನುಡಿಯಲ್ಲಿ ಕಚೇರಿಗಳೊಡನೆ ವ್ಯವಹರಿಸುವ ಹಕ್ಕು ಕೊಟ್ಟಿದೆ. ಓದಿ ತಿಳಿಯಲಾಗದ ನಿಯಮವನ್ನು ಪಾಲಿಸೆನ್ನುವುದು ನ್ಯಾಯವಲ್ಲ.

ಜೀಪಿನ ಮಾಲಿಕರಲ್ಲಿ ನಮ್ಮ ವಿನಂತಿ ಇಷ್ಟೇ: ಟಯರಿಗೆ ಹಣ ಸುರಿಯುವ ಮುನ್ನ ಒಮ್ಮೆ ಜೀಪಿನ ಅಡಿಗೆ ಬಗ್ಗಿ ನೋಡಿ. ಅಧಿಕಾರಿಗಳೂ ಬಗ್ಗಿ ನೋಡುವರೇ?