ಸೇನಾ ದಾದಿಯ ಸಮವಸ್ತ್ರ: ಗುರಿಯೋ, ದಾರಿಯೋ?

2025ರ ಮೇ ತಿಂಗಳ ಆ ನಾಲ್ಕು ದಿನಗಳನ್ನು ನಮ್ಮ ಕುಟುಂಬಗಳು ಬೇಗನೆ ಮರೆಯಲಾರವು. ಏಪ್ರಿಲ್ 22ರಂದು ಪಹಲ್ಗಾಮ್‌ನಲ್ಲಿ 26 ಮಂದಿ ನಿರಪರಾಧಿಗಳು ಉಗ್ರರ ಗುಂಡಿಗೆ ಬಲಿಯಾದ ಬಳಿಕ, ಮೇ 7ರ ನಸುಕಿನಲ್ಲಿ ನಮ್ಮ ಸೇನಾಪಡೆಗಳು ‘ಆಪರೇಷನ್ ಸಿಂಧೂರ’ವನ್ನು ಕೈಗೊಂಡವು. ಅದರ ವಿವರಗಳನ್ನು ರಾಷ್ಟ್ರದ ಮುಂದಿಟ್ಟವರಲ್ಲಿ ಕರ್ನಲ್ ಸೋಫಿಯಾ ಖುರೇಷಿ ಹಾಗೂ ವಿಂಗ್ ಕಮಾಂಡರ್ ವ್ಯೋಮಿಕಾ ಸಿಂಗ್ ಎಂಬ ಇಬ್ಬರು ಮಹಿಳಾ ಅಧಿಕಾರಿಗಳಿದ್ದರು. ಮರುದಿನ, ಮೇ 8ರಂದು, ಪೋಪ್ ಪದವಿಗೆ ಆಯ್ಕೆಯಾದ ಹದಿನಾಲ್ಕನೆಯ ಲಿಯೋ ಅವರು ನೆರೆದ ಜನಸ್ತೋಮಕ್ಕೆ ಮೊದಲು ನುಡಿದದ್ದು ಶಾಂತಿಯ ಹಾರೈಕೆಯನ್ನು. ಒಂದೇ ವಾರದಲ್ಲಿ ಕ್ರೈಸ್ತ ವಿಶ್ವಾಸಿಯ ಒಂದು ಕಿವಿಗೆ ಸಮರದ ಸದ್ದು ಬಿದ್ದರೆ, ಇನ್ನೊಂದು ಕಿವಿಗೆ ಶಾಂತಿಯ ಕರೆ ಬಿದ್ದಿತು.

ಅದಾಗಿ ಕೆಲವು ದಿನಗಳಲ್ಲಿ, ಭಾನುವಾರದ ಬಲಿಪೂಜೆಯ ಬಳಿಕ ಒಂದು ಕುಟುಂಬ ನನ್ನನ್ನು ಕಾಣಲು ಬಂದಿತು. ಮಗಳು ಬಿ.ಎಸ್ಸಿ. ನರ್ಸಿಂಗ್ ಮುಗಿಸಿ ಖಾಸಗಿ ಆಸ್ಪತ್ರೆಯೊಂದರಲ್ಲಿ ಎರಡನೆಯ ವರ್ಷ ದುಡಿಯುತ್ತಿದ್ದಾಳೆ. ಸೇನೆಯ ಶುಶ್ರೂಷಾ ವಿಭಾಗಕ್ಕೆ ಸೇರಬೇಕೆಂಬುದು ಅವಳ ಹಟ. “ಫಾದರ್, ಇವಳಿಗೆ ಸ್ವಲ್ಪ ಬುದ್ಧಿ ಹೇಳಿ, ಇರುವುದು ಒಬ್ಬಳೇ ಮಗಳು” ಎಂದು ತಾಯಿ ಕಣ್ಣೊರೆಸಿಕೊಂಡರು. ಅವಳ ಓದಿಗೆಂದು ಮಾಡಿದ ಬ್ಯಾಂಕಿನ ಸಾಲ ಇನ್ನೂ ತೀರಿಲ್ಲ, ವಿದೇಶಕ್ಕೆ ಹೋಗಿದ್ದರೆ ಎರಡು ವರ್ಷಗಳಲ್ಲಿ ತೀರುತ್ತಿತ್ತು ಎಂಬುದು ತಂದೆಯ ಲೆಕ್ಕಾಚಾರ. “ನಾನೇನು ಕೋವಿ ಹಿಡಿಯಲು ಹೋಗುವುದಲ್ಲವಲ್ಲ ಫಾದರ್” ಎಂದಳು ಮಗಳು. ಮೂವರೂ ತಮ್ಮ ಪರವಾಗಿ ನಾನೊಂದು ಮಾತು ಹೇಳಬೇಕೆಂದು ನಿರೀಕ್ಷಿಸಿದರು. ನಾನು ಅಂದು ತೀರ್ಪು ಕೊಡಲಿಲ್ಲ. ಕೊಡುವ ಅಧಿಕಾರವೂ ನನಗಿಲ್ಲ. ಆದರೆ ಇಂಥ ಪ್ರಶ್ನೆ ಆ ಒಂದು ಮನೆಗೆ ಮಾತ್ರ ಸೀಮಿತವಲ್ಲವಾದ್ದರಿಂದ ಇಲ್ಲಿ ಕೆಲವು ವಿಚಾರಗಳನ್ನು ಓದುಗರ ಮುಂದಿಡುತ್ತಿದ್ದೇನೆ.

ಮೊದಲು ವಸ್ತುಸ್ಥಿತಿಯನ್ನು ತಿಳಿಯೋಣ. 1888ರಲ್ಲಿ ಮುಂಬಯಿಗೆ ಬಂದಿಳಿದ ಹತ್ತು ಮಂದಿ ಬ್ರಿಟಿಷ್ ದಾದಿಯರಿಂದ ಆರಂಭಗೊಂಡ ಈ ಸೇವೆಯು 1926ರಲ್ಲಿ ಭಾರತೀಯ ಮಿಲಿಟರಿ ನರ್ಸಿಂಗ್ ಸೇವೆಯೆಂಬ ಕಾಯಂ ರೂಪವನ್ನು ಪಡೆಯಿತು. 1943ರ ಸುಗ್ರೀವಾಜ್ಞೆಯು ಇಲ್ಲಿನ ದಾದಿಯರಿಗೆ ಅಧಿಕಾರಿಗಳ ದರ್ಜೆ ನೀಡಿತು. ಲೆಫ್ಟಿನೆಂಟ್ ಆಗಿ ಸೇರಿದವಳು ಮೇಜರ್ ಜನರಲ್ ಪದವಿಯವರೆಗೂ ಏರಬಹುದು. ಸೇರುವ ದಾರಿ ಎರಡು. ಪಿ.ಯು.ಸಿ. ಬಳಿಕ ನೀಟ್ ಪರೀಕ್ಷೆಯ ಮೂಲಕ ಸಶಸ್ತ್ರಪಡೆಗಳ ಆರು ನರ್ಸಿಂಗ್ ಕಾಲೇಜುಗಳಲ್ಲಿ ಪ್ರವೇಶ ಪಡೆಯುವುದು ಮೊದಲನೆಯದು. ಇವುಗಳಲ್ಲಿ ಒಂದು ಬೆಂಗಳೂರಿನ ವಾಯುಪಡೆಯ ಕಮಾಂಡ್ ಆಸ್ಪತ್ರೆಯಲ್ಲಿದೆ. ಪದವಿ ಪಡೆದು ರಾಜ್ಯದ ನರ್ಸಿಂಗ್ ಪರಿಷತ್ತಿನಲ್ಲಿ ನೋಂದಾಯಿಸಿಕೊಂಡ ದಾದಿಯರು ಅಲ್ಪಾವಧಿ ಸೇವೆಗೆ ಅರ್ಜಿ ಹಾಕುವುದು ಎರಡನೆಯದು. 2023ರ ಪ್ರಕಟಣೆಯಂತೆ 21ರಿಂದ 35 ವರ್ಷದೊಳಗಿನವರಿಗೆ ಈ ಅವಕಾಶವಿತ್ತು. ಬರಿಯ ಜಿ.ಎನ್.ಎಂ. ಡಿಪ್ಲೊಮಾ ಉಳ್ಳವರಿಗೆ ಇದು ಸಾಲದು, ಪೋಸ್ಟ್ ಬೇಸಿಕ್ ಬಿ.ಎಸ್ಸಿ. ಮಾಡಿಕೊಳ್ಳಬೇಕಾಗುತ್ತದೆ.

ವೇತನದ ವಿಚಾರದಲ್ಲಿ ಏಳನೆಯ ವೇತನ ಆಯೋಗವು ಸೇನಾ ದಾದಿಯ ಆರಂಭಿಕ ಮೂಲವೇತನವನ್ನು 56,100 ರೂಪಾಯಿಗಳೆಂದು ನಿಗದಿಪಡಿಸಿತು. ನಮ್ಮ ಊರುಗಳ ಬಹುತೇಕ ಖಾಸಗಿ ಆಸ್ಪತ್ರೆಗಳಲ್ಲಿ ಹೊಸ ದಾದಿಗೆ ಕನಸಿನಲ್ಲೂ ಸಿಗದ ಮೊತ್ತವಿದು. ಆದರೂ ಅದೇ ಆಯೋಗದಲ್ಲಿ ಮಿಲಿಟರಿ ಸೇವಾ ವೇತನವೆಂದು ಇತರ ಅಧಿಕಾರಿಗಳಿಗೆ 15,500 ರೂಪಾಯಿ ನಿಗದಿಯಾದರೆ, ದಾದಿಯರಿಗೆ 10,800 ರೂಪಾಯಿ ಮಾತ್ರ. ಸಮವಸ್ತ್ರ ತೊಟ್ಟ ಮಾತ್ರಕ್ಕೆ ಸಂಪೂರ್ಣ ಸಮಾನತೆ ದೊರೆಯುತ್ತದೆಂಬ ಭ್ರಮೆಯೂ ಬೇಡ.

ತಾಯಂದಿರ ದೊಡ್ಡ ಅಳುಕು ಮದುವೆಯದು. ಇದಕ್ಕೆ ಆಧಾರವಿಲ್ಲವೆನ್ನಲಾಗದು. ಮದುವೆಯಾದ ಕಾರಣಕ್ಕೆ ದಾದಿಯನ್ನು ಸೇವೆಯಿಂದ ಬಿಡುಗಡೆಗೊಳಿಸುವ ನಿಯಮವೊಂದು 1995ರವರೆಗೂ ಜಾರಿಯಲ್ಲಿತ್ತು. ಹಾಗೆ 1988ರಲ್ಲಿ ಮನೆಗೆ ಕಳುಹಿಸಲ್ಪಟ್ಟ ಒಬ್ಬ ಲೆಫ್ಟಿನೆಂಟ್ ದಾದಿ ದೀರ್ಘಕಾಲ ನ್ಯಾಯಕ್ಕಾಗಿ ಹೋರಾಡಿದರು. 2024ರ ಫೆಬ್ರವರಿ 14ರಂದು ಸರ್ವೋಚ್ಚ ನ್ಯಾಯಾಲಯವು ಆ ನಿಯಮವನ್ನು ಲಿಂಗ ತಾರತಮ್ಯದ ಒರಟು ರೂಪವೆಂದು ಖಂಡಿಸಿ, ಆಕೆಗೆ 60 ಲಕ್ಷ ರೂಪಾಯಿ ಪರಿಹಾರ ನೀಡುವಂತೆ ಆದೇಶಿಸಿತು. ಇಂದು ವಿವಾಹಿತೆಯರು ಈ ಸೇವೆಯಲ್ಲಿ ಮುಂದುವರಿಯುತ್ತಾರೆ. ಹಾಗೆಂದು ದಾಂಪತ್ಯ ಸುಲಭವೆಂದು ಭಾವಿಸಬಾರದು. ಇಂದು ಕಾರವಾರದ ನೌಕಾಪಡೆಯ ಆಸ್ಪತ್ರೆ, ನಾಳೆ ಲೇಹ್, ನಾಡಿದ್ದು ಗುವಾಹಟಿ ಎಂದು ವರ್ಗಾವಣೆಗಳು ಬರುತ್ತಲೇ ಇರುತ್ತವೆ. ಪತಿಪತ್ನಿಯರು ಬೇರೆ ಬೇರೆ ಊರುಗಳಲ್ಲಿ ಇರಬೇಕಾಗಬಹುದು. ಭಾನುವಾರದ ಬಲಿಪೂಜೆಗೆ ಸಮೀಪದಲ್ಲಿ ಚರ್ಚು ಇಲ್ಲದ ಸ್ಥಳಗಳೂ ಉಂಟು. ವಿದೇಶಕ್ಕೆ ಮಗಳನ್ನು ಕಳುಹಿಸುವಾಗಲೂ ಇವೇ ಪ್ರಶ್ನೆಗಳಿರುತ್ತವೆ. ಆದರೆ ಆಗ ನಾವು ಅವನ್ನು ಎತ್ತುವುದಿಲ್ಲ.

ಇನ್ನು ಆತ್ಮಸಾಕ್ಷಿಯ ಪ್ರಶ್ನೆ. ಗಾಯಗೊಂಡ ಸೈನಿಕನನ್ನು ಗುಣಪಡಿಸುವುದು ಅವನನ್ನು ಮತ್ತೆ ಯುದ್ಧಕ್ಕೆ ಕಳುಹಿಸಲೆಂದೇ ಅಲ್ಲವೇ, ಇದು ಕ್ರೈಸ್ತಳಿಗೆ ಒಪ್ಪುವ ಕೆಲಸವೇ ಎಂದು ಕೆಲವರು ಕೇಳುತ್ತಾರೆ. ಎರಡನೆಯ ವ್ಯಾಟಿಕನ್ ಮಹಾಸಭೆಯು 1965ರಲ್ಲಿ, ತಮ್ಮ ಕರ್ತವ್ಯವನ್ನು ಸರಿಯಾಗಿ ಪಾಲಿಸುವ ಸೈನಿಕರು ಶಾಂತಿಯನ್ನು ಕಾಪಾಡಲು ನಿಜವಾಗಿಯೂ ನೆರವಾಗುತ್ತಾರೆಂದು ಬೋಧಿಸಿತು. 2020ರ ತಮ್ಮ ವಿಶ್ವಪತ್ರದಲ್ಲಿ ಪೋಪ್ ಫ್ರಾನ್ಸಿಸರು, ಇಂದಿನ ಅಸ್ತ್ರಗಳ ಕಾಲದಲ್ಲಿ ನ್ಯಾಯಯುತ ಯುದ್ಧವೆಂದು ಹೇಳುವುದೇ ಅತ್ಯಂತ ಕಷ್ಟವೆಂದು ಎಚ್ಚರಿಸಿದರು. ಈ ಎರಡು ಬೋಧನೆಗಳ ನಡುವೆ ಇರುವುದು ದಾದಿಯ ಸ್ಥಾನ. ಅವಳ ಮುಂದೆ ಹಾಸಿಗೆಯಲ್ಲಿ ಮಲಗಿರುವವನು ಸೈನಿಕನಾಗುವುದಕ್ಕೆ ಮುಂಚೆ ಮನುಷ್ಯ. 1859ರಲ್ಲಿ ಇಟಲಿಯ ಸೊಲ್ಫೆರಿನೊ ಕದನದ ಗಾಯಾಳುಗಳು ಹತ್ತಿರದ ಕಾಸ್ಟಿಗ್ಲಿಯೋನೆ ಊರಿನ ಚರ್ಚಿನಲ್ಲಿ ತುಂಬಿಹೋದಾಗ, ಅಲ್ಲಿನ ಸಾಮಾನ್ಯ ಸ್ತ್ರೀಯರು ಎಲ್ಲರೂ ಸಹೋದರರೇ ಎನ್ನುತ್ತಾ ಎರಡೂ ಪಕ್ಷದವರನ್ನು ಉಪಚರಿಸಿದರು. ಅದನ್ನು ಕಣ್ಣಾರೆ ಕಂಡ ಹೆನ್ರಿ ಡ್ಯೂನಾಂಟರ ಪ್ರಯತ್ನದಿಂದಲೇ ರೆಡ್ ಕ್ರಾಸ್ ಸಂಸ್ಥೆ ಹುಟ್ಟಿತು. 1949ರ ಜಿನೀವಾ ಒಪ್ಪಂದದಂತೆ, ಯಾರಿಗೆ ಮೊದಲು ಚಿಕಿತ್ಸೆ ಎಂಬುದನ್ನು ಗಾಯದ ತುರ್ತು ನಿರ್ಧರಿಸಬೇಕೇ ವಿನಾ ಗಾಯಾಳು ಯಾವ ಪಕ್ಷದವನೆಂಬುದಲ್ಲ. ಆದುದರಿಂದ ಆ ಯುವತಿಗೆ ನಾನು ಕೇಳಿದ ಪ್ರಶ್ನೆ ಒಂದೇ: “ನಮ್ಮವರನ್ನು ಕೊಂದವನು ಗಾಯಗೊಂಡು ನಿನ್ನ ವಾರ್ಡಿಗೆ ಬಂದರೆ, ಅವನ ಗಾಯಕ್ಕೂ ನೀನು ಅದೇ ಕೈಯಿಂದ ಪಟ್ಟಿ ಕಟ್ಟುವೆಯಾ?” ಅವಳು ಸುಮ್ಮನಾದಳು.

ನಿರ್ಧಾರ ಕೈಗೊಳ್ಳುವ ವಿಧಾನವನ್ನು ನಮಗೆ ಕಲಿಸಿದವರು ಸ್ವತಃ ಒಬ್ಬ ಗಾಯಾಳು ಸೈನಿಕರು. 1521ರಲ್ಲಿ ಪಾಂಪ್ಲೋನಾ ಕೋಟೆಯ ಕಾಳಗದಲ್ಲಿ ಫಿರಂಗಿಯ ಗುಂಡು ಲೊಯೊಲಾದ ಸಂತ ಇಗ್ನೇಷಿಯಸರ ಕಾಲನ್ನು ಮುರಿಯಿತು. ತಿಂಗಳುಗಟ್ಟಲೆ ಹಾಸಿಗೆ ಹಿಡಿದಿದ್ದ ಅವರು ತಮ್ಮ ಮನಸ್ಸನ್ನೇ ಪರೀಕ್ಷಿಸಿ ನೋಡಿದರು. ಶೌರ್ಯ, ಕೀರ್ತಿಗಳ ಕನಸು ಕಾಣುವಾಗ ಹಿತವಾಗಿದ್ದು ನಂತರ ಮನಸ್ಸು ಒಣಗುತ್ತಿತ್ತು. ಸಂತರಂತೆ ಬಾಳುವ ವಿಚಾರ ಮಾತ್ರ ಮುಗಿದ ಮೇಲೂ ಆನಂದವನ್ನು ಉಳಿಸುತ್ತಿತ್ತು. ಮುಂದೆ ಅವರು ಕೊಟ್ಟ ಬುದ್ಧಿಮಾತುಗಳಲ್ಲಿ ಮೂರು ಇಲ್ಲಿಗೆ ಹೊಂದುತ್ತವೆ. ಗುರಿಯನ್ನು ಮೊದಲು ನೋಡಿ ದಾರಿಯನ್ನು ಆಮೇಲೆ ಆರಿಸಬೇಕು. ಮನಸ್ಸು ಕುಗ್ಗಿದ ಹೊತ್ತಿನಲ್ಲಿ ಹಿಂದಿನ ನಿರ್ಧಾರಗಳನ್ನು ಬದಲಿಸಬಾರದು. ಇದೇ ಪ್ರಶ್ನೆಯನ್ನು ಅಪರಿಚಿತನೊಬ್ಬ ಕೇಳಿದರೆ ಅವನಿಗೆ ಯಾವ ಸಲಹೆ ಕೊಡುತ್ತಿದ್ದೆನೋ ಅದನ್ನೇ ತಾನೂ ಪಾಲಿಸಬೇಕು.

ಆ ಯುವತಿಯ ಗುರಿ ರೋಗಿಯ ಸೇವೆಯೋ, ಸಮವಸ್ತ್ರದ ಹೆಮ್ಮೆಯೋ? ದೂರದರ್ಶನದಲ್ಲಿ ಕಂಡ ಚಿತ್ರದ ಆವೇಶ ಇನ್ನೂ ಇಳಿದಿಲ್ಲವೋ? ಅಥವಾ ಮೂವತ್ತು ಹಾಸಿಗೆಗೆ ಇಬ್ಬರೇ ದಾದಿಯರಿರುವ ರಾತ್ರಿ ಪಾಳಿಯಿಂದ ತಪ್ಪಿಸಿಕೊಳ್ಳುವ ಆತುರವೋ? ದಣಿವಿನಿಂದ ಓಡಿಹೋದವಳು ಎಲ್ಲಿಗೆ ಹೋದರೂ ದಣಿವನ್ನು ಜೊತೆಗೇ ಒಯ್ಯುತ್ತಾಳೆ. ವೃತ್ತಿಯ ಮೊದಲ ವರ್ಷಗಳಲ್ಲಿ ದಾದಿ ಕಲಿಯಬೇಕಾದದ್ದು ಬಹಳ. ಆದುದರಿಂದ ಮೂರು ತಿಂಗಳು ಯಾವ ತೀರ್ಮಾನವನ್ನೂ ಮಾಡದೆ ಪ್ರಾರ್ಥನೆಯಲ್ಲಿ ಕಳೆಯುವಂತೆ ಅವಳಿಗೆ ತಿಳಿಸಿದೆ. ನಿವೃತ್ತ ಸೇನಾ ದಾದಿಯೊಬ್ಬರೊಂದಿಗೆ ಮಾತನಾಡು, ಸಾಲದ ಕಂತಿನ ಲೆಕ್ಕವನ್ನು ತಂದೆಯೊಂದಿಗೆ ಕುಳಿತು ಮಾಡು ಎಂದೂ ಸೂಚಿಸಿದೆ.

ಹೆತ್ತವರಿಗೂ ಒಂದು ಮಾತು. ಮಗಳು ಕನ್ಯಾಮಠ ಸೇರುತ್ತೇನೆಂದಾಗ ದೈವಕರೆಯನ್ನು ತಡೆಯಬಾರದೆಂದು ನಾವು ಬೋಧಿಸುತ್ತೇವೆ. ಗೃಹಸ್ಥರ ವೃತ್ತಿಯಲ್ಲಿಯೂ ದೇವರ ಕರೆ ಇರಬಹುದೆಂಬುದನ್ನು ಮಾತ್ರ ಮರೆಯುತ್ತೇವೆ. ಸಾಲ ತೀರಿಸುವ ಸಾಧನವಾಗಿ ಮಗಳನ್ನು ಕಾಣುವುದೂ, ಭಯದಿಂದ ಅವಳನ್ನು ಮನೆಯಲ್ಲಿ ಕಟ್ಟಿಹಾಕುವುದೂ ಸಲ್ಲದು. ಪ್ರಶ್ನೆ ಕೇಳುವ ಹಕ್ಕು ಹೆತ್ತವರದು, ಉತ್ತರಿಸುವ ಹೊಣೆ ಅವಳದು.

ಮೂರು ತಿಂಗಳ ಬಳಿಕ ಅವಳು ಮತ್ತೆ ಬಂದಳು. ಕುಡಿದು ವಾಹನ ಓಡಿಸಿದವನೊಬ್ಬನೂ, ಅವನ ವಾಹನಕ್ಕೆ ಸಿಲುಕಿದ ಬಾಲಕನೂ ಒಂದೇ ರಾತ್ರಿ ಅವಳ ವಾರ್ಡಿಗೆ ಬಂದಿದ್ದರಂತೆ. “ಇಬ್ಬರನ್ನೂ ನಾನೇ ನೋಡಿಕೊಂಡೆ ಫಾದರ್. ಅವನ ಮುಖ ನೋಡಲು ಮನಸ್ಸಿರಲಿಲ್ಲ. ಆದರೂ ಔಷಧಿ ತಪ್ಪಿಸಲಿಲ್ಲ. ನೀವು ಕೇಳಿದ್ದಕ್ಕೆ ಉತ್ತರ ಅಂದು ಸಿಕ್ಕಿತು” ಎಂದಳು. ಸೇನೆಗೆ ಸೇರುವ ಆಸೆ ಇನ್ನೂ ಉಳಿದಿದೆಯೇ ಎಂದು ಕೇಳಿದೆ. ಉಳಿದಿದೆ, ಆದರೆ ಮೊದಲಿನ ಅವಸರವಿಲ್ಲ, ತೀವ್ರನಿಗಾ ಘಟಕದಲ್ಲಿ ಇನ್ನೊಂದು ವರ್ಷ ಕಲಿತು ಆಮೇಲೆ ಅರ್ಜಿ ಹಾಕುವೆನೆಂದಳು. ಜೊತೆಗಿದ್ದ ತಾಯಿ ಆ ದಿನವೂ ಕಣ್ಣೊರೆಸಿಕೊಂಡರು. ಆದರೆ ಅರ್ಜಿಗೆ ಬೇಕಾಗುವ ಪ್ರಮಾಣಪತ್ರ, ಅಂಕಪಟ್ಟಿಗಳನ್ನೆಲ್ಲ ಒಂದು ಕಡತದಲ್ಲಿ ಜೋಡಿಸಿಟ್ಟಿದ್ದೇನೆಂದು ಅವರೇ ಹೇಳಿದರು.

ರೋಗಿಗಳ ಆರೋಗ್ಯಮಾತೆಯಾದ ಮರಿಯಮ್ಮನವರು ಇಂತಹ ಎಲ್ಲ ಹೆಣ್ಣುಮಕ್ಕಳನ್ನೂ ಅವರ ಹೆತ್ತವರನ್ನೂ ಕಾಪಾಡಲಿ.