ಚೌಕಟ್ಟಿನಾಚೆಯ ಪೊರಕೆ

ದಿನಕ್ಕೊಂದು ಫೋಟೋ ಹಿಡಿಯುವ ಸ್ವಾಮಿಗಳೇ, ಬೆಂಗಳೂರಿನ ಹಳೇ ಕಟ್ಟಡಗಳ ಮೇಲೆ ನಿಮಗೆ ಭಾರೀ ಪ್ರೀತಿ. 1868ರ ಅಠಾರಾ ಕಚೇರಿಯ ಕೆಂಪು, ಎದುರಿಗೆ 1956ರಲ್ಲಿ ಮುಗಿದ ವಿಧಾನಸೌಧ. ಬೆಳಗಿನ ಬಿಸಿಲಲ್ಲಿ ಚೆಂದ ಕಾಣ್ತವೆ, ನಾವು ಇಲ್ಲ ಅನ್ನಲ್ಲ. ವಿಧಾನಸೌಧಕ್ಕೆ ದುಡಿದವರಲ್ಲಿ ಜೈಲಿನ ಕೈದಿಗಳೂ ಇದ್ದರು. ಕೆಂಗಲ್ ಹನುಮಂತಯ್ಯನವರ ಹೆಸರು ಉಳೀತು, ಕಲ್ಲು ಹೊತ್ತವರದ್ದೆಲ್ಲಿ?

ಹೋಗಲಿ, ಅದು ಹಳೇ ಮಾತು. ನಿಮ್ಮ ಪಟದೊಳಗಿನ ರಸ್ತೆ ಅಷ್ಟು ಚೊಕ್ಕಟ ಹೆಂಗಾಯ್ತು ಕಣ್ರೀ? ನೀವು ಕ್ಯಾಮೆರಾ ಎತ್ತೋಕೆ ಮುಂಚೆ ನಮ್ಮ ಅವ್ವಂದಿರು ಗುಡಿಸಿದ್ದರು. ಇನ್ನೂ ಗುಡಿಸುತ್ತಿದ್ದರೆ 'ಸ್ವಲ್ಪ ಪಕ್ಕಕ್ಕೆ ಹೋಗಮ್ಮಾ' ಅಂತೀರಿ. ಊರು ಕೇರಿ ಮಾಡಿ ನಮ್ಮನ್ನು ಹೊರಗಿಟ್ಟಿತು. ನೀವು ಚೌಕಟ್ಟು ಮಾಡಿ ಇಡುತ್ತಿದ್ದೀರಿ. ಪೊರಕೆ ಹಿಡಿದವಳು ಬಂದರೆ ಪಟ ಕೆಡುತ್ತದೆಯೇ? ನಾಳೆ ಅವಳನ್ನು ಕೇಳಿ ತೆಗೀರಿ, ಹೆಸರು ಬರೀರಿ. ಒಲ್ಲೆ ಅಂದರೆ ನೀವೇ ಪಕ್ಕಕ್ಕೆ ಸರೀರಿ.